ಹಿಮದ ಮಡಿಲಲ್ಲಿ ಉಳಿದ ಫಿಲ್ಮ್ ಸುರುಳಿಗಳು

ಹಳೆಯ ಛಾಯಾಚಿತ್ರವೊಂದನ್ನು ಕಂಡಾಗ ನಾವು ಅದರಲ್ಲಿರುವವರನ್ನು ಕುರಿತು ವಿಚಾರಿಸುತ್ತೇವೆ. ರಸಜ್ಞರಾದವರು ಚಿತ್ರ ತೆಗೆದವನ ಹೆಸರನ್ನೂ ಕೇಳುವುದುಂಟು. ಆದರೆ ಆ ಫಿಲ್ಮನ್ನು ಡಬ್ಬಿಯಲ್ಲಿ ಭದ್ರಪಡಿಸಿ, ನೀರು ಬೆಳಕುಗಳು ಸೋಂಕದಂತೆ ಕಾಪಾಡಿ, ನೂರಾರು ಮೈಲಿ ಹೊತ್ತು ತಂದ ಶ್ರಮವನ್ನು ನೆನೆಯುವವರು ವಿರಳ. ಛಾಯಾಚಿತ್ರಕಲೆಯ ಚರಿತ್ರೆಯಲ್ಲಿ ಈ ಶ್ರಮಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂದೇ ನಮ್ಮ ಅಭಿಪ್ರಾಯ.

ಫಿಲ್ಮಿನ ಸ್ವಭಾವವನ್ನು ಮೊದಲು ಸ್ವಲ್ಪ ತಿಳಿಯುವುದು ಅವಶ್ಯ. ತೆಳುವಾದ ಹಾಳೆಯ ಮೇಲೆ ಜಿಲೆಟಿನ್ನಿನಲ್ಲಿ ಬೆರೆಸಿದ ಬೆಳ್ಳಿಯ ಲವಣದ ಸೂಕ್ಷ್ಮ ಕಣಗಳನ್ನು ಲೇಪಿಸಿರುತ್ತಾರೆ. ಕ್ಯಾಮೆರಾದ ಕಣ್ಣು ತೆರೆದ ಕ್ಷಣದಲ್ಲಿ ಬೆಳಕು ತಾಗಿದ ಕಣಗಳಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದುಗೂಡುತ್ತವೆ. ಆಗ ಚಿತ್ರ ಮೂಡಿದೆ, ಆದರೆ ಕಾಣದು. ರಾಸಾಯನಿಕ ದ್ರವದಲ್ಲಿ ತೊಳೆಯುವವರೆಗೂ ಅದು ಅವ್ಯಕ್ತ ಬಿಂಬವಾಗಿಯೇ ಇರುತ್ತದೆ. ಈ ನಡುವಣ ಅವಧಿಯೇ ಅಪಾಯದ್ದು. ಶಾಖವು ಬಿಂಬವನ್ನು ಮಸುಕುಗೊಳಿಸುತ್ತದೆ, ತೇವವು ಜಿಲೆಟಿನ್ನನ್ನು ಉಬ್ಬಿಸಿ ಬೂಷ್ಟಿಗೆ ಆಹಾರವಾಗಿಸುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಚೆಗೆ ವಿಮಾನ ನಿಲ್ದಾಣಗಳ ತಪಾಸಣಾ ಯಂತ್ರಗಳ ಕ್ಷಕಿರಣವೂ ಈ ಶತ್ರುಗಳ ಸಾಲಿಗೆ ಸೇರಿದೆ. ಶೈತ್ಯವೊಂದೇ ಫಿಲ್ಮಿನ ಮಿತ್ರ; ಅದೂ ತೇವವನ್ನು ಜೊತೆಗೆ ಕರೆತರದಿದ್ದರೆ ಮಾತ್ರ.

ಇದಕ್ಕೆ ಸ್ವೀಡನ್ ದೇಶದ ಧ್ರುವಯಾತ್ರಿಕರ ವೃತ್ತಾಂತಕ್ಕಿಂತ ದೊಡ್ಡ ನಿದರ್ಶನ ದೊರೆಯಲಾರದು. 1897ರ ಜುಲೈ 11ರಂದು ಎಸ್. ಎ. ಆಂಡ್ರೆ, ಕ್ನೂಟ್ ಫ್ರೆಂಕೆಲ್ ಮತ್ತು ನಿಲ್ಸ್ ಸ್ಟ್ರಿಂಡ್‌ಬರ್ಗ್ ಎಂಬ ಮೂವರು ಸ್ಪಿಟ್ಸ್‌ಬರ್ಗನ್ ಬಳಿಯ ಡೇನ್ಸ್ ದ್ವೀಪದಿಂದ ಜಲಜನಕ ತುಂಬಿದ ಬಲೂನನ್ನೇರಿ ಉತ್ತರ ಧ್ರುವದತ್ತ ಹೊರಟರು. ಸ್ಟ್ರಿಂಡ್‌ಬರ್ಗನಿಗೆ ಆಗ 24 ವರ್ಷ. ಆಕಾಶದಿಂದ ಧ್ರುವಪ್ರದೇಶದ ಚಿತ್ರಗಳನ್ನು ತೆಗೆದು ಭೂಪಟ ರಚನೆಗೆ ನೆರವಾಗುವುದು ಅವನಿಗೆ ವಹಿಸಿದ್ದ ಕಾರ್ಯ. ಆದರೆ ಬಲೂನು ಮಂಜಿನ ಭಾರದಿಂದ ಕುಸಿಯುತ್ತ, ನೆಲಕ್ಕೆ ಬಡಿಯುತ್ತ, ಮೂರನೆಯ ದಿನವೇ ಹಿಮಗಡ್ಡೆಯ ಮೇಲೆ ಇಳಿದುಬಿಟ್ಟಿತು. ಅಲ್ಲಿಂದ ಅವರ ಕಾಲ್ನಡಿಗೆ ಆರಂಭವಾಯಿತು.

ತಲೆಗೊಂದರಂತೆ ಇದ್ದ ಜಾರುಬಂಡಿಗಳ ಮೇಲೆ ಸುಮಾರು 200 ಕಿಲೋಗ್ರಾಂ ಭಾರ. ಹಿಮದ ದಿಬ್ಬಗಳನ್ನೂ ನೀರಿನ ಕಾಲುವೆಗಳನ್ನೂ ದಾಟಿಸಿ ಅಷ್ಟನ್ನು ಎಳೆಯುವುದು ಆಗದ ಮಾತೆಂದು ಕೆಲವೇ ದಿನಗಳಲ್ಲಿ ಅರಿವಾಯಿತು. ಆಹಾರವನ್ನೂ ಸಾಮಾನುಗಳನ್ನೂ ಹಿಮದ ಮೇಲೆಯೇ ಬಿಟ್ಟು ಭಾರವನ್ನು ಕಡಿಮೆ ಮಾಡಿದರು. ಹಾಗೆ ಬಿಟ್ಟುಹೋದವುಗಳಲ್ಲಿ ಸ್ಟ್ರಿಂಡ್‌ಬರ್ಗನ ಕ್ಯಾಮೆರಾ ಇರಲಿಲ್ಲ. ಅದರ ತೂಕ 7 ಕಿಲೋಗ್ರಾಂ! ಬಲೂನಿನಿಂದ ಭೂಪಟಕ್ಕೆಂದು ತಂದ ಆ ಯಂತ್ರದಿಂದ ಅವನು ಹಿಮದ ಮೇಲೆ ಕಳೆದ ಮೂರು ತಿಂಗಳಲ್ಲಿ ಸುಮಾರು 200 ಚಿತ್ರಗಳನ್ನು ತೆಗೆದನು. ಪಕ್ಕಕ್ಕೆ ಒರಗಿ ಬಿದ್ದ ಬಲೂನನ್ನು ಮೌನವಾಗಿ ನೋಡುತ್ತ ನಿಂತ ಇಬ್ಬರು, ಬೇಟೆಯಾಡಿದ ಹಿಮಕರಡಿ, ಬಂಡಿಯನ್ನು ನೂಕುತ್ತಿರುವ ಬಾಗಿದ ಬೆನ್ನುಗಳು ಅವುಗಳಲ್ಲಿ ಇದ್ದವು. ತೆಗೆದ ಸುರುಳಿಗಳನ್ನು ಲೋಹದ ಡಬ್ಬಿಯಲ್ಲಿಟ್ಟು ಮುಚ್ಚುತ್ತಿದ್ದರು. ಸೆಪ್ಟೆಂಬರ್ 4ರಂದು ಅವನಿಗೆ 25 ತುಂಬಿತು. ಆ ದಿನಕ್ಕೆಂದೇ ಕಾಪಾಡಿ ತಂದಿದ್ದ, ಅವನ ಭಾವೀ ಪತ್ನಿಯ ಪತ್ರವನ್ನು ಆಂಡ್ರೆ ಅವನ ಕೈಗಿತ್ತನು. ಆ ಬಂಡಿಗಳಲ್ಲಿ ಏನೇನು ಉಳಿದಿತ್ತು ಎಂಬುದನ್ನು ಗಮನಿಸಿದರೆ ಮನುಷ್ಯನು ಸಂಕಟದಲ್ಲಿ ಯಾವುದನ್ನು ಭಾರವೆಂದು ಎಣಿಸುವುದಿಲ್ಲ ಎಂಬುದು ತಿಳಿದುಬರುತ್ತದೆ.

ಅಕ್ಟೋಬರ್ ಮೊದಲಲ್ಲಿ ಅವರು ಕ್ವಿಟೋಯಾ, ಅಂದರೆ ಶ್ವೇತದ್ವೀಪವೆಂಬ ನಿರ್ಜನ ನೆಲವನ್ನು ಮುಟ್ಟಿದರು. ಮೂವರೂ ಅಲ್ಲಿಯೇ ಮಡಿದರು. ಲೋಕಕ್ಕೆ ಅವರ ಸುಳಿವು ಸಿಗದೆ 33 ವರ್ಷಗಳು ಉರುಳಿದವು.

1930ರ ಆಗಸ್ಟ್ 6ರಂದು ಗುನ್ನಾರ್ ಹಾರ್ನ್ ನಾಯಕತ್ವದ ಬ್ರಾಟ್‌ವಾಗ್ ಎಂಬ ನಾರ್ವೇಜಿಯನ್ ಹಡಗಿನವರಿಗೆ ಆ ದ್ವೀಪದಲ್ಲಿ ಕರಗಿದ ಹಿಮದ ನಡುವೆ ಅವರ ಬಿಡಾರದ ಅವಶೇಷಗಳು ಕಂಡವು. ಸೆಪ್ಟೆಂಬರಿನಲ್ಲಿ ಪತ್ರಿಕೆಯವರು ಕಳುಹಿಸಿದ ಇಸ್‌ಬ್ಯೋರ್ನ್ ಎಂಬ ಇನ್ನೊಂದು ಹಡಗು ಅಲ್ಲಿಗೆ ಹೋದಾಗ ಇನ್ನಷ್ಟು ಹಿಮ ಕರಗಿತ್ತು. ಫ್ರೆಂಕೆಲನ ಶರೀರವೂ, ಸ್ಟ್ರಿಂಡ್‌ಬರ್ಗನ ಫಿಲ್ಮುಗಳಿದ್ದ ತಗಡಿನ ಪೆಟ್ಟಿಗೆಯೂ ಆಗ ದೊರೆತವು. ಸ್ಟಾಕ್‌ಹೋಮಿನ ರಾಯಲ್ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಜಾನ್ ಹರ್ಟ್ಸ್‌ಬರ್ಗ್ ಎಂಬ ತಜ್ಞನು ಅವುಗಳನ್ನು ತೊಳೆಯುವ ಹೊಣೆ ಹೊತ್ತನು. ತಪ್ಪಿದರೆ ತಿದ್ದಲು ಬಾರದ ಕೆಲಸವದು. ಒಮ್ಮೆ ದ್ರವಕ್ಕಿಳಿಸಿದ ಫಿಲ್ಮನ್ನು ಹಿಂದಿನ ಸ್ಥಿತಿಗೆ ತರುವ ವಿದ್ಯೆಯಿಲ್ಲ. ಪೆಟ್ಟಿಗೆಯಲ್ಲಿ ಇದ್ದಿರಬಹುದಾದ 240 ಚಿತ್ರಗಳಲ್ಲಿ 93 ಉಳಿದವು. ಕಲೆಗಳೂ ಗೀರುಗಳೂ ಅವುಗಳ ಮೈತುಂಬ ಇವೆ. ಆದರೂ ಸತ್ತವರು ಸಾಯುವ ಮುನ್ನ ಕಂಡದ್ದನ್ನು ಲೋಕವು ಒಂದು ತಲೆಮಾರಿನ ಅನಂತರ ಕಂಡಿತು. ಅವರನ್ನು ಕಾಡಿದ ಚಳಿಯೇ ಅವರ ಚಿತ್ರಗಳನ್ನು ಕಾಯ್ದದ್ದು ವಿಧಿಯ ವೈಚಿತ್ರ್ಯವೇ ಸರಿ.

ಶೈತ್ಯವೊಂದೇ ಸಾಲದು, ಮುಚ್ಚಳವೂ ಬೇಕೆಂಬುದನ್ನು ಭೂಮಿಯ ಮತ್ತೊಂದು ಕೊನೆಯ ಪ್ರಸಂಗವು ತೋರಿಸುತ್ತದೆ. ಅರ್ನೆಸ್ಟ್ ಶಾಕಲ್ಟನ್ ನಾಯಕತ್ವದ ಎಂಡ್ಯೂರೆನ್ಸ್ ಹಡಗು ದಕ್ಷಿಣ ಧ್ರುವಸಾಗರದ ಹಿಮದಲ್ಲಿ ಸಿಲುಕಿ ನುಗ್ಗಾದಾಗ, 1915ರ ಅಕ್ಟೋಬರ್ 27ರಂದು ಎಲ್ಲರೂ ಅದನ್ನು ತೊರೆಯಬೇಕಾಯಿತು. ಛಾಯಾಗ್ರಾಹಕ ಫ್ರಾಂಕ್ ಹರ್ಲಿಯ ನೆಗೆಟಿವುಗಳು ಒಡೆದ ಹಡಗಿನೊಳಗೆ ನೀರಿನಡಿ ಉಳಿದವು. ಕೆಲವು ದಿನಗಳಾದ ಮೇಲೆ ಅವನು ಬಟ್ಟೆ ಕಳಚಿ ಹಿಮದ ಕೆಸರಿನಂಥ ನೀರಿಗೆ ಧುಮುಕಿ ಅವನ್ನು ಮೇಲೆತ್ತಿದನು. ಬೆಸುಗೆ ಹಾಕಿ ಮುಚ್ಚಿದ್ದ ಡಬ್ಬಿಗಳಾದುದರಿಂದ ಒಳಗೆ ನೀರು ಹೊಕ್ಕಿರಲಿಲ್ಲ. ಬೆಸುಗೆಗಾರನ ಕೈಗುಣವನ್ನು ಮೆಚ್ಚಬೇಕು.

ಅನಂತರದ ಕೆಲಸ ಇನ್ನೂ ಕಠಿಣವಾದುದು. ಒಬ್ಬೊಬ್ಬರು ಎರಡು ಪೌಂಡಿಗಿಂತ ಹೆಚ್ಚು ಸ್ವಂತ ವಸ್ತುಗಳನ್ನು ತರಕೂಡದೆಂಬ ಆಜ್ಞೆಯಿತ್ತು. ಶಾಕಲ್ಟನ್ ಮತ್ತು ಹರ್ಲಿ ಹಿಮದ ಮೇಲೆ ಕುಳಿತು ನೆಗೆಟಿವುಗಳನ್ನು ಒಂದೊಂದಾಗಿ ನೋಡಿ ಸುಮಾರು 120ನ್ನು ಆರಿಸಿಕೊಂಡರು. ಉಳಿದ ಸುಮಾರು 400 ಗಾಜಿನ ಫಲಕಗಳನ್ನು ಅಲ್ಲಿಯೇ ಒಡೆದು ಹಾಕಿದರು. ಮತ್ತೆ ಮನಸ್ಸು ಬದಲಾಗಬಾರದೆಂಬುದೇ ಅದರ ಕಾರಣ. ಆರಿಸಿದವುಗಳನ್ನು ಪುನಃ ಡಬ್ಬಿಯಲ್ಲಿಟ್ಟು ಬೆಸೆದರು. ದೊಡ್ಡ ಕ್ಯಾಮೆರಾಗಳೆಲ್ಲ ಹೋಗಿ, ಜೇಬಿನಲ್ಲಿ ಹಿಡಿಸುವ ಕೊಡಾಕ್ ಒಂದು, ಫಿಲ್ಮ್ ಸುರುಳಿಗಳು ಮೂರು ಮಾತ್ರ ಹರ್ಲಿಯ ಪಾಲಿಗೆ ಉಳಿದವು. ಮುಂದಿನ ತಿಂಗಳುಗಳನ್ನೆಲ್ಲ ಅವನು ಆ ಮೂರರಲ್ಲಿಯೇ ಮುಗಿಸಬೇಕಿತ್ತು. ತೆರೆದ ದೋಣಿಗಳಲ್ಲಿ ಎಲಿಫೆಂಟ್ ದ್ವೀಪಕ್ಕೆ, ಅಲ್ಲಿ ಮಗುಚಿದ ದೋಣಿಗಳ ಅಡಿಯಲ್ಲಿ 22 ಜನರ ವಾಸ. 1916ರ ಆಗಸ್ಟ್ 30ರಂದು ಚಿಲಿ ದೇಶದ ಯೆಲ್ಚೊ ಹಡಗು ಬಂದಾಗ ಜನರೊಡನೆ ಡಬ್ಬಿಗಳೂ ಪಾರಾದವು.

ನಮ್ಮ ಹಿಮಾಲಯದ ಕಡೆಗೂ ಒಂದು ಕಿರುನೋಟ ಬೀರಬಹುದು. 1922ರ ಎವರೆಸ್ಟ್ ಯಾತ್ರೆಯಲ್ಲಿ ಜಾನ್ ನೋಯೆಲ್ ತನ್ನ ಫಿಲ್ಮುಗಳನ್ನು ಟಿಬೆಟಿನ ಬಯಲಿನ ಡೇರೆಯಲ್ಲಿಯೇ ತೊಳೆದು, ಯಾಕ್ ಸಗಣಿಯ ಬೆಂಕಿಯ ಶಾಖದಲ್ಲಿ ಒಣಗಿಸಿದನು. ಅಲ್ಲಿಯ ಗಾಳಿಯೊಡನೆ ಬರುವ ಧೂಳು ಹಸಿಯ ಜಿಲೆಟಿನ್ನಿಗೆ ಅಂಟುತ್ತಿತ್ತು. ಆದುದರಿಂದ 1924ರಲ್ಲಿ ಅವನು ಡಾರ್ಜಿಲಿಂಗಿನಲ್ಲಿಯೇ ಪ್ರಯೋಗಾಲಯವನ್ನು ಸ್ಥಾಪಿಸಿ, ತೆಗೆದ ಸುರುಳಿಗಳನ್ನು ದೂತರ ಮೂಲಕ ಅಲ್ಲಿಗೆ ಕಳುಹಿಸುವ ಏರ್ಪಾಡು ಮಾಡಿಕೊಂಡನು. ಆ ದೂತರ ಹೆಸರುಗಳು ಎಷ್ಟು ಜನರಿಗೆ ಗೊತ್ತು?

ಅದೇ ಯಾತ್ರೆಯಲ್ಲಿ ಜಾರ್ಜ್ ಮೆಲೊರಿ ಮತ್ತು ಆಂಡ್ರ್ಯೂ ಇರ್ವಿನ್ 1924ರ ಜೂನ್ 8ರಂದು ಶಿಖರದ ಸಮೀಪ ಕಣ್ಮರೆಯಾದರು. ಅವರ ಬಳಿ ಹಾವರ್ಡ್ ಸೊಮರ್ವೆಲ್ ಕೊಟ್ಟಿದ್ದ ಒಂದು ಪುಟ್ಟ ಕೊಡಾಕ್ ಕ್ಯಾಮೆರಾ ಇತ್ತು. ಈ ಸೊಮರ್ವೆಲ್ ಅವರೇ ಮುಂದೆ ತಿರುವಾಂಕೂರಿನ ನೆಯ್ಯೂರಿನಲ್ಲಿ ವೈದ್ಯರಾಗಿ ಬಹುಕಾಲ ದುಡಿದವರು. 1999ರ ಮೇ 1ರಂದು ಮೆಲೊರಿಯ ದೇಹ ಸಿಕ್ಕಿತು, ಕ್ಯಾಮೆರಾ ಸಿಗಲಿಲ್ಲ. 2024ರಲ್ಲಿ ಇರ್ವಿನನ ಹೆಸರಿದ್ದ ಕಾಲುಚೀಲದೊಡನೆ ಒಂದು ಪಾದ ಹಿಮನದಿಯಲ್ಲಿ ಕಾಣಿಸಿತು. ಆಗಲೂ ಕ್ಯಾಮೆರಾ ಸಿಗಲಿಲ್ಲ. ಅವರು ಶಿಖರವನ್ನು ಮುಟ್ಟಿದ್ದರೆ ಅದಕ್ಕೆ ಸಾಕ್ಷಿ ಆ ಸುರುಳಿಯಲ್ಲಿರಬಹುದು. ಅದನ್ನು ಹುಡುಕಲು ಹೋಗುವವರಿಗೆ ಫಿಲ್ಮ್ ತಜ್ಞರ ಸಲಹೆ ಇಷ್ಟೆ: ದೊರೆತಲ್ಲಿ ತೆರೆಯಬೇಡಿ, ಬೆಚ್ಚಗಾಗಲು ಬಿಡಬೇಡಿ, ಬೆಳಕಿಗೆ ಒಡ್ಡದೆ ಹಾಗೆಯೇ ತಣ್ಣಗಿಟ್ಟುಕೊಂಡು ಕೆಳಗೆ ತನ್ನಿ.