ಕಡತವನ್ನು ತೆರೆಯುವ ತಂತ್ರಾಂಶ ಯಾವುದು?

ಗಣಕದ ಪರದೆಯ ಮೇಲಿರುವ ಒಂದು ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡುತ್ತೀರಿ. ಮರುಕ್ಷಣವೇ ಯಾವುದೋ ಒಂದು ತಂತ್ರಾಂಶ ಅದನ್ನು ತೆರೆದು ತೋರಿಸುತ್ತದೆ. ಆ ತಂತ್ರಾಂಶವನ್ನು ಆರಿಸಿದವರು ಯಾರು? ಎಲ್ಲವೂ ಸರಿಯಾಗಿ ನಡೆಯುವಾಗ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಒಂದೇ ಗಣಕದಲ್ಲಿ ಹಳೆಯ ಮತ್ತು ಹೊಸ ಆವೃತ್ತಿಗಳೆರಡೂ ಇದ್ದು, ಹಳೆಯದರಲ್ಲಿಯೇ ಕಡತ ತೆರೆಯಬೇಕೆಂದು ನೀವು ಬಯಸಿದಾಗ ಮಾತ್ರ ಅದರ ಮಹತ್ವ ತಿಳಿಯುತ್ತದೆ.

1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ 8 ಅಕ್ಷರ, ಚುಕ್ಕಿಯ ನಂತರ 3 ಅಕ್ಷರಗಳಿಗೆ ಅವಕಾಶವಿತ್ತು. 1981ರಲ್ಲಿ ಬಂದ ಎಂಎಸ್-ಡಾಸ್ ಇದೇ ಕ್ರಮವನ್ನು ಅನುಸರಿಸಿತು. ಚುಕ್ಕಿಯ ನಂತರದ ಈ ಮೂರು ಅಕ್ಷರಗಳೇ ಎಕ್ಸ್‌ಟೆನ್ಷನ್. ಆಗ ಬಳಕೆದಾರ ಮೊದಲು ತಂತ್ರಾಂಶವನ್ನು ನಡೆಸಿ, ಆಮೇಲೆ ಕಡತದ ಹೆಸರು ಹೇಳಬೇಕಿತ್ತು. ಹೀಗಾಗಿ ಆಯ್ಕೆ ಪೂರ್ತಿಯಾಗಿ ಅವನದೇ ಆಗಿತ್ತು.

1984ರಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕಿಂಟಾಷ್ ಬೇರೊಂದು ದಾರಿ ಹಿಡಿಯಿತು. ಅದರಲ್ಲಿ ಪ್ರತಿ ಕಡತದ ಜೊತೆ ನಾಲ್ಕು ನಾಲ್ಕು ಅಕ್ಷರಗಳ ಎರಡು ಸಂಕೇತಗಳು ಇರುತ್ತಿದ್ದವು. ಕಡತ ಯಾವ ಬಗೆಯದು ಎಂಬುದನ್ನು ಒಂದು ಸಂಕೇತ ತಿಳಿಸಿದರೆ, ಅದನ್ನು ಸೃಷ್ಟಿಸಿದ ತಂತ್ರಾಂಶ ಯಾವುದು ಎಂಬುದನ್ನು ಇನ್ನೊಂದು ತಿಳಿಸುತ್ತಿತ್ತು. ಒಂದೇ ಬಗೆಯ ಎರಡು ಕಡತಗಳು ತಮ್ಮ ತಮ್ಮ ತಂತ್ರಾಂಶಗಳಲ್ಲಿ ತೆರೆದುಕೊಳ್ಳುವುದು ಇದರಿಂದ ಸಾಧ್ಯವಾಯಿತು. 2009ರ ಸ್ನೋ ಲೆಪರ್ಡ್ ಆವೃತ್ತಿಯಿಂದ ಆಪಲ್ ಸೃಷ್ಟಿಕರ್ತ ಸಂಕೇತವನ್ನು ಪರಿಗಣಿಸುವುದನ್ನು ಕೈಬಿಟ್ಟಿತು.

ವಿಂಡೋಸ್ ಆರಿಸಿಕೊಂಡದ್ದು ಕೋಷ್ಟಕದ ದಾರಿ. 1992ರ ವಿಂಡೋಸ್ 3.1ರಲ್ಲಿ 'ವಿನ್.ಐಎನ್ಐ' ಎಂಬ ಕಡತದೊಳಗೆ, ಯಾವ ಎಕ್ಸ್‌ಟೆನ್ಷನ್‌ಗೆ ಯಾವ ತಂತ್ರಾಂಶ ಎಂದು ಸಾಲು ಸಾಲಾಗಿ ಬರೆದಿರುತ್ತಿತ್ತು. ವಿಂಡೋಸ್ 95ರಿಂದ ಈ ಕೆಲಸ ರಿಜಿಸ್ಟ್ರಿ ಎಂಬ ದತ್ತಸಂಚಯದ ಪಾಲಾಯಿತು. ತೊಡಕು ಆರಂಭವಾದದ್ದು ಇಲ್ಲಿಯೇ. ಹೊಸದಾಗಿ ಸ್ಥಾಪನೆಯಾಗುವ ಯಾವುದೇ ತಂತ್ರಾಂಶ ಈ ಕೋಷ್ಟಕವನ್ನು ತಿದ್ದಬಹುದಾಗಿತ್ತು. ಕೊನೆಯಲ್ಲಿ ಬಂದವನೇ ಯಜಮಾನ ಎಂಬಂತಾಯಿತು.

ಇದಕ್ಕೆ ಮೈಕ್ರೋಸಾಫ್ಟ್ ವರ್ಡ್ ಒಳ್ಳೆಯ ನಿದರ್ಶನ. ವರ್ಡ್ 95 ಮತ್ತು ವರ್ಡ್ 97 ಎರಡರ ಕಡತಗಳಿಗೂ ಎಕ್ಸ್‌ಟೆನ್ಷನ್ 'ಡಿಒಸಿ' ಎಂದೇ ಇತ್ತು. ಆದರೆ ಒಳಗಿನ ರಚನೆ ಬೇರೆ. ವರ್ಡ್ 97ರಲ್ಲಿ ಉಳಿಸಿದ ಕಡತವನ್ನು ಓದಲು ವರ್ಡ್ 95ಕ್ಕೆ ಪ್ರತ್ಯೇಕ ಪರಿವರ್ತಕ ಬೇಕಾಗುತ್ತಿತ್ತು. ಡಬ್ಬಿಯ ಮೇಲಿನ ಚೀಟಿ ಒಂದೇ, ಒಳಗಿನ ಬೇಳೆ ಬೇರೆ! 2007ರಲ್ಲಿ ಮಾರುಕಟ್ಟೆಗೆ ಬಂದ ವರ್ಡ್ 2007 ಹೊಸ ರಚನೆಗೆ 'ಡಿಒಸಿಎಕ್ಸ್' ಎಂಬ ಬೇರೆ ಚೀಟಿಯನ್ನೇ ಕೊಟ್ಟಿತು. ಆದರೂ ವರ್ಡ್ 2003ನ್ನು ಅದರ ಜೊತೆಗೇ ಇರಿಸಿಕೊಂಡವರಿಗೆ ತೊಂದರೆ ತಪ್ಪಲಿಲ್ಲ. ಎರಡರ ಮುಖ್ಯ ಕಡತದ ಹೆಸರೂ 'ವಿನ್‌ವರ್ಡ್' ಎಂದೇ ಇದ್ದುದರಿಂದ 'ಓಪನ್ ವಿತ್' ಪಟ್ಟಿ ಅವುಗಳನ್ನು ಬೇರೆ ಬೇರೆ ಎಂದು ಗುರುತಿಸುತ್ತಿರಲಿಲ್ಲ. ಹಳೆಯದನ್ನು ಆರಿಸಿದರೂ ಹೊಸದೇ ತೆರೆದುಕೊಳ್ಳಬಹುದಿತ್ತು.

ಹೊಸದಿರುವಾಗ ಹಳೆಯದರ ಹಟವೇಕೆ ಎಂದು ನೀವು ಕೇಳಬಹುದು. ಉತ್ತರ ಕನ್ನಡದ ಕಡತಗಳಲ್ಲಿಯೇ ಇದೆ. ಕನ್ನಡ ಲಿಪಿ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಸೇರಿತ್ತಾದರೂ, ವಿಂಡೋಸ್‌ನಲ್ಲಿ ಅದಕ್ಕೆ ನೇರ ಬೆಂಬಲ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತದೊಳಗೆ ನಿಜವಾಗಿ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಖ್ಯಾಸಂಕೇತಗಳು. ಅವುಗಳಿಗೆ ಕನ್ನಡದ ಆಕಾರ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಫಾಂಟ್ ಇದ್ದರೂ ಹೊಸ ತಂತ್ರಾಂಶದಲ್ಲಿ ಪುಟದ ವಿನ್ಯಾಸ ಬದಲಾಗುವ ಸಂಭವವಿದೆ.

ಪುಸ್ತಕಗಳ ಕಥೆ ಇನ್ನೂ ಗಂಭೀರವಾದುದು. ಅನೇಕ ಕನ್ನಡ ಪುಸ್ತಕಗಳ ಪುಟ ಜೋಡಣೆ ನಡೆದದ್ದು ಪೇಜ್‌ಮೇಕರ್‌ನಲ್ಲಿ. 1985ರಲ್ಲಿ ಹುಟ್ಟಿದ ಈ ತಂತ್ರಾಂಶದ ಕೊನೆಯ ಪ್ರಮುಖ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅಡೋಬಿಯ ಇನ್‌ಡಿಸೈನ್ 2012ರ ಸಿಎಸ್6 ಆವೃತ್ತಿಯವರೆಗೆ ಪೇಜ್‌ಮೇಕರ್ 6 ಮತ್ತು 7ರ ಕಡತಗಳನ್ನು ತೆರೆಯುತ್ತಿತ್ತು. ಅದರ ನಂತರದ ಆವೃತ್ತಿಗಳಲ್ಲಿ ಈ ಸೌಲಭ್ಯವಿಲ್ಲ. ಹಳೆಯ ತಂತ್ರಾಂಶವನ್ನು ಅಳಿಸಿದವರು ತಮ್ಮ ಪುಸ್ತಕದ ಬೀಗದ ಕೈಯನ್ನೇ ಎಸೆದಂತೆ.

ಆದರೆ ಹಳೆಯ ತಂತ್ರಾಂಶ ಅಪಾಯಕ್ಕೆ ಹೊರತಲ್ಲ. ವರ್ಡ್ 2003ಕ್ಕೆ ಸುರಕ್ಷತಾ ಪರಿಷ್ಕರಣೆಗಳು 2014ರ ಏಪ್ರಿಲ್‌ಗೆ ನಿಂತವು. ಅದನ್ನು ಎಲ್ಲ ಕಡತಗಳಿಗೂ ಪೂರ್ವನಿಯೋಜಿತ ತಂತ್ರಾಂಶವಾಗಿ ಇರಿಸಿದರೆ, ಅಂತರ್ಜಾಲದಿಂದ ಬಂದ ದುರುದ್ದೇಶದ ಕಡತವೂ ಒಂದೇ ಕ್ಲಿಕ್ಕಿಗೆ ಅದರಲ್ಲಿಯೇ ತೆರೆದುಕೊಳ್ಳುತ್ತದೆ.

ಆಯ್ಕೆಯ ಅಧಿಕಾರ ಬಳಕೆದಾರನ ಕಡೆ ಮರಳಿದ್ದು ನಿಧಾನವಾಗಿ. ಅಮೆರಿಕ ಸರ್ಕಾರ 1998ರಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಹೂಡಿದ ಏಕಸ್ವಾಮ್ಯದ ಮೊಕದ್ದಮೆ ರಾಜಿಯಾದ ಮೇಲೆ, 2002ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಪೂರ್ವನಿಯೋಜಿತ ತಂತ್ರಾಂಶಗಳನ್ನು ಬದಲಿಸುವ ಸೌಲಭ್ಯ ಸೇರಿತು. 2012ರ ವಿಂಡೋಸ್ 8ರಲ್ಲಿ ಬಳಕೆದಾರನ ಆಯ್ಕೆಗೆ ಗಣಿತೀಯ ಮುದ್ರೆಯೊಂದನ್ನು ಒತ್ತುವ ಕ್ರಮ ಬಂದಿತು. ಬೇರೆ ತಂತ್ರಾಂಶ ಗುಟ್ಟಾಗಿ ಕೋಷ್ಟಕ ತಿದ್ದಿದರೆ ಮುದ್ರೆ ಹೊಂದುವುದಿಲ್ಲ; ಆ ತಿದ್ದುಪಡಿ ಊರ್ಜಿತವಾಗುವುದಿಲ್ಲ.

ಹಾಗಾದರೆ ನೀವು ಮಾಡಬೇಕಾದುದೇನು? ಪೇಜ್‌ಮೇಕರ್‌ನಂತೆ ಹಳೆಯ ತಂತ್ರಾಂಶಕ್ಕೆ ಮಾತ್ರ ಸೇರಿದ ಎಕ್ಸ್‌ಟೆನ್ಷನ್ ಇದ್ದರೆ, ಕಡತದ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ, 'ಓಪನ್ ವಿತ್' ಮೂಲಕ ಅದನ್ನೇ ಶಾಶ್ವತವಾಗಿ ಆರಿಸಿ. ಹಳೆಯದು, ಹೊಸದು ಎರಡಕ್ಕೂ ಸೇರಿದ ಎಕ್ಸ್‌ಟೆನ್ಷನ್ ಆದರೆ ಹೊಸದನ್ನೇ ಪೂರ್ವನಿಯೋಜಿತವಾಗಿ ಬಿಟ್ಟು, ಬೇಕಾದಾಗ ಹಳೆಯ ತಂತ್ರಾಂಶವನ್ನು ಮೊದಲು ನಡೆಸಿ, ಅದರೊಳಗಿನಿಂದ ಕಡತ ತೆರೆಯಿರಿ. ಅಂದರೆ ಡಾಸ್ ಕಾಲದ ಕ್ರಮವೇ! ಮೂಲ ಕಡತದ ಪ್ರತಿಯೊಂದನ್ನು ಮುಟ್ಟದೆ ಕಾಯ್ದಿರಿಸಿ. ಕನ್ನಡದ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ನೋಡಿ. ಹಳೆಯ ತಂತ್ರಾಂಶ ನಡೆಯುತ್ತಿರುವಾಗಲೇ ಈ ಕೆಲಸ ಮುಗಿಯಬೇಕು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಒಂದು 'ಡಿಒಸಿಎಕ್ಸ್' ಕಡತದ ಪ್ರತಿ ಮಾಡಿ, ಅದರ ಎಕ್ಸ್‌ಟೆನ್ಷನ್ ಅನ್ನು 'ಜಿಪ್' ಎಂದು ಬದಲಿಸಿ ತೆರೆಯಿರಿ. ಒಳಗೆ ಹಲವು ಚಿಕ್ಕ ಕಡತಗಳು ಕಾಣುತ್ತವೆ. ಚೀಟಿ ಬದಲಾದರೂ ಒಳಗಿನದು ಬದಲಾಗಿಲ್ಲ. ಅದನ್ನು ತೆರೆಯುವ ತಂತ್ರಾಂಶ ಮಾತ್ರ ಬದಲಾಗಿದೆ ಎಂಬುದನ್ನು ಗಮನಿಸಿ.