ಬೀದಿ ಬೆಕ್ಕುಗಳ ಸಂತಾನ ನಿಯಂತ್ರಣ, ಮರಿಗಳ ಪಾಲನೆ: ಬಡಾವಣೆಯ ನಿವಾಸಿಗಳಿಗೊಂದು ಕೈಪಿಡಿ

ಕಾಂಪೌಂಡಿನ ಮೂಲೆಯಲ್ಲೋ, ನೀರಿನ ತೊಟ್ಟಿಯ ಹಿಂಬದಿಯಲ್ಲೋ, ಅಪಾರ್ಟ್‌ಮೆಂಟಿನ ವಾಹನ ನಿಲುಗಡೆಯ ಜಾಗದಲ್ಲೋ ಬೆಕ್ಕೊಂದು ಮರಿ ಹಾಕಿದೆ ಎಂಬ ಸುದ್ದಿ ಹಬ್ಬಿದೊಡನೆ ಬಡಾವಣೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಒಬ್ಬರು ಹಾಲಿನ ತಟ್ಟೆ ತಂದಿಡುತ್ತಾರೆ. ಇನ್ನೊಬ್ಬರು ಗೋಣಿಚೀಲ ಹುಡುಕುತ್ತಾರೆ. ಮರಿಗಳನ್ನು ಚೀಲದಲ್ಲಿ ತುಂಬಿ ಮೀನು ಮಾರುಕಟ್ಟೆಯ ಬಳಿಯೋ, ಊರಾಚೆಯ ಬಯಲಿನಲ್ಲೋ ಬಿಟ್ಟು ಬರುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಕೆಲವೇ ತಿಂಗಳಲ್ಲಿ ಅದೇ ಮೂಲೆಯಲ್ಲಿ ಮತ್ತೆ ಮರಿಗಳ ಕೂಗು ಕೇಳಿಸುತ್ತದೆ. ಹಾಲು ಇಟ್ಟವರಿಂದಲೂ, ಚೀಲ ತಂದವರಿಂದಲೂ ಸಮಸ್ಯೆ ಬಗೆಹರಿದಿರುವುದಿಲ್ಲ.

ದೊಡ್ಡ ಬೆಕ್ಕುಗಳಿಗೆ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಮರಳಿ ಅದೇ ಸ್ಥಳದಲ್ಲಿ ಬಿಡುವುದು ಹಾಗೂ ಎಳೆಯ ಮರಿಗಳನ್ನು ಕೆಲವು ವಾರಗಳ ಕಾಲ ಮನೆಯಲ್ಲಿ ಸಾಕಿ ಶಾಶ್ವತ ಆಶ್ರಯ ಒದಗಿಸುವುದು, ಈ ಎರಡೂ ಒಟ್ಟಿಗೆ ನಡೆದಾಗ ಮಾತ್ರ ಬೆಕ್ಕುಗಳ ಸಂಖ್ಯೆ ಇಳಿಮುಖವಾಗುತ್ತದೆ. ಈ ಕಾರ್ಯದ ಹಿನ್ನೆಲೆ, ವಿಧಾನ ಮತ್ತು ಕಾನೂನಿನ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಸಂಖ್ಯೆ ಏರುವುದು ಹೇಗೆ?

ಹೆಣ್ಣು ಬೆಕ್ಕು ಸಾಮಾನ್ಯವಾಗಿ ಐದಾರು ತಿಂಗಳಿಗೆ ಬೆದೆಗೆ ಬರುತ್ತದೆ. ನಾಲ್ಕು ತಿಂಗಳಿಗೇ ಬರುವುದೂ ಉಂಟು. ಗರ್ಭಾವಧಿ ಸುಮಾರು ಒಂಬತ್ತು ವಾರ. ಒಂದು ಸೂಲಿಗೆ ಮೂರರಿಂದ ಐದು ಮರಿಗಳು ಹುಟ್ಟುವುದು ಸಾಮಾನ್ಯ. ಮರಿಗಳು ಇನ್ನೂ ಮೊಲೆಯುಣ್ಣುತ್ತಿರುವಾಗಲೇ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ಬೆಕ್ಕಿನ ಬೆದೆಗೂ ಹಗಲಿನ ಅವಧಿಗೂ ನೇರ ಸಂಬಂಧವಿದೆ. ಶೀತ ದೇಶಗಳಲ್ಲಿ ಚಳಿಗಾಲದ ಕಿರುಹಗಲು ಇದಕ್ಕೆ ತಡೆಯೊಡ್ಡುತ್ತದೆ. ನಮ್ಮ ರಾಜ್ಯದಲ್ಲಿ ವರ್ಷವಿಡೀ ಹಗಲಿನ ಅವಧಿಯಲ್ಲಿ ಹೆಚ್ಚಿನ ಏರುಪೇರಿಲ್ಲದ ಕಾರಣ ಅಂತಹ ಬಿಡುವು ಇಲ್ಲವೆಂದೇ ಹೇಳಬೇಕು. ವರ್ಷಕ್ಕೆ ಎರಡು ಮೂರು ಸೂಲು ಅಸಾಮಾನ್ಯವಲ್ಲ.

ಹುಟ್ಟಿದ ಮರಿಗಳೆಲ್ಲ ಬದುಕುತ್ತವೆ ಎಂದು ಭಾವಿಸಬಾರದು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೀದಿ ಬೆಕ್ಕುಗಳಿಗೆ ಹುಟ್ಟಿದ 169 ಮರಿಗಳ ಪೈಕಿ 127 ಮರಿಗಳು ಆರು ತಿಂಗಳು ತುಂಬುವ ಮೊದಲೇ ಸತ್ತಿದ್ದವು ಇಲ್ಲವೇ ಕಣ್ಮರೆಯಾಗಿದ್ದವು. ವಾಹನದ ಚಕ್ರ, ನಾಯಿಯ ದಾಳಿ, ಸೋಂಕು ರೋಗ ಇವೇ ಮರಿಗಳ ಶತ್ರುಗಳು. ಶಸ್ತ್ರಚಿಕಿತ್ಸೆಯಿಂದ ಉಳಿಯುವುದು ಬಡಾವಣೆಯ ನೆಮ್ಮದಿ ಮಾತ್ರವಲ್ಲ. ಹುಟ್ಟಿ ನರಳಿ ಸಾಯಬೇಕಾದ ಮರಿಗಳ ಸಂಕಟವೂ ತಪ್ಪುತ್ತದೆ.

ಸ್ಥಳಾಂತರ ಏಕೆ ಫಲಿಸದು?

ಬೆಕ್ಕುಗಳು ಒಂದೆಡೆ ನೆಲೆಸಲು ಅಲ್ಲಿ ಆಹಾರ ಮತ್ತು ಆಸರೆ ದೊರೆಯುವುದೇ ಕಾರಣ. ಹೋಟೆಲಿನ ಹಿಂಬದಿಯ ಕಸ, ಮೀನಿನಂಗಡಿಯ ತ್ಯಾಜ್ಯ, ಇಲಿಗಳು ಇರುವವರೆಗೆ ತೆರವಾದ ಜಾಗಕ್ಕೆ ಅಕ್ಕಪಕ್ಕದ ಬೆಕ್ಕುಗಳು ಬಂದು ಸೇರುತ್ತವೆ. ಅಪರಿಚಿತ ಪ್ರದೇಶದಲ್ಲಿ ಬಿಟ್ಟ ಬೆಕ್ಕು ಅಲ್ಲಿನ ಬೆಕ್ಕುಗಳೊಡನೆ ಕಾದಾಡಿ ಗಾಯಗೊಳ್ಳುತ್ತದೆ ಅಥವಾ ಹಳೆಯ ಜಾಗ ಅರಸಿ ಹೊರಟು ರಸ್ತೆಯಲ್ಲಿ ಪ್ರಾಣ ಬಿಡುತ್ತದೆ. ಶಸ್ತ್ರಚಿಕಿತ್ಸೆ ಮುಗಿಸಿಕೊಂಡ ಬೆಕ್ಕು ತನ್ನ ಹಳೆಯ ಜಾಗದಲ್ಲೇ ಉಳಿದರೆ ಆ ಆಹಾರ ಮತ್ತು ಆಸರೆ ಅದರ ಪಾಲಾಗಿರುತ್ತದೆ. ಮರಿಗಳ ಸಂಖ್ಯೆ ಮಾತ್ರ ನಿಲ್ಲುತ್ತದೆ.

ಫ್ಲೋರಿಡಾದ ವಿಶ್ವವಿದ್ಯಾಲಯವೊಂದರ ಉದಾಹರಣೆ

ಹಿಡಿದು, ಚಿಕಿತ್ಸೆ ನೀಡಿ, ಮರಳಿ ಬಿಡುವ ಈ ಪದ್ಧತಿಯ ಫಲಿತಾಂಶವನ್ನು ದೀರ್ಘಕಾಲ ದಾಖಲಿಸಿದ ಪ್ರಸಿದ್ಧ ಅಧ್ಯಯನ ನಡೆದದ್ದು ಅಮೆರಿಕದ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದ ಆವರಣದಲ್ಲಿ. ಕಾರ್ಯಕ್ರಮ ಆರಂಭವಾದದ್ದು 1991ರಲ್ಲಿ. 1995ರ ನಂತರ ಆವರಣದಲ್ಲಿ ಹೊಸ ಮರಿಗಳು ಕಾಣಲಿಲ್ಲ. 1996ರ ಗಣತಿಯಲ್ಲಿ 68 ಇದ್ದ ಬೆಕ್ಕುಗಳು 2002ರ ವೇಳೆಗೆ 23ಕ್ಕೆ ಇಳಿದಿದ್ದವು. ಪಶುವೈದ್ಯೆ ಜೂಲಿ ಲೆವಿ ಮತ್ತು ಸಂಗಡಿಗರು 2003ರಲ್ಲಿ ಇದರ ವಿವರ ಪ್ರಕಟಿಸಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಹನ್ನೊಂದು ವರ್ಷಗಳಲ್ಲಿ ಆವರಣದಲ್ಲಿ ಕಂಡುಬಂದ ಒಟ್ಟು 155 ಬೆಕ್ಕುಗಳ ಪೈಕಿ ಶೇ. 47ರಷ್ಟು ಮನೆಗಳಿಗೆ ದತ್ತು ಹೋಗಿದ್ದವು. ಅಂದರೆ ಶಸ್ತ್ರಚಿಕಿತ್ಸೆ ಹುಟ್ಟನ್ನು ತಡೆದರೆ, ಇರುವ ಸಂಖ್ಯೆಯನ್ನು ತಗ್ಗಿಸಿದ್ದರಲ್ಲಿ ದತ್ತು ಪಡೆದ ಮನೆಗಳ ಪಾತ್ರ ದೊಡ್ಡದು. ಫಲ ಕಾಣಲು ವರ್ಷಗಳೇ ಬೇಕಾದವು ಎಂಬುದೂ ಅಷ್ಟೇ ಮುಖ್ಯ. ಒಂದೆರಡು ಬೆಕ್ಕುಗಳಿಗೆ ಚಿಕಿತ್ಸೆ ಮಾಡಿಸಿ ಕೈಬಿಟ್ಟರೆ ಉಳಿದ ಒಂದೇ ಹೆಣ್ಣು ಬೆಕ್ಕು ಒಂದು ವರ್ಷದೊಳಗೆ ಆ ಶ್ರಮವನ್ನೆಲ್ಲ ನಿರರ್ಥಕಗೊಳಿಸಬಲ್ಲದು.

ಮೊದಲು ಎಣಿಕೆ, ನಂತರ ಬೋನು

ಕೆಲಸ ಆರಂಭಿಸುವ ಮುನ್ನ ಒಂದು ಪುಸ್ತಕದಲ್ಲಿ ಬಡಾವಣೆಯ ಪ್ರತಿಯೊಂದು ಬೆಕ್ಕಿನ ಬಣ್ಣ, ಗುರುತು, ಗಂಡೋ ಹೆಣ್ಣೋ ಎಂಬುದನ್ನು ಬರೆದಿಡಬೇಕು. ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಗೊಂದಲವಾಗದು. ಅಕ್ಕಪಕ್ಕದವರನ್ನು ವಿಚಾರಿಸುವುದು ಅಗತ್ಯ. ಬೀದಿಯದೆಂದು ತಿಳಿದ ಬೆಕ್ಕು ಎದುರು ಮನೆಯ ಅಜ್ಜಿ ಸಾಕಿದ್ದಾಗಿರಬಹುದು. ಹೆಣ್ಣು ಬೆಕ್ಕುಗಳಿಗೆ ಆದ್ಯತೆ ನೀಡಬೇಕು.

ನಂತರ ಪಶುವೈದ್ಯರೊಡನೆ ಮಾತನಾಡಿ ದಿನ ನಿಗದಿಪಡಿಸಿಕೊಳ್ಳಬೇಕು. ನಗರ ಸಂಸ್ಥೆಗಳ ಸಂತಾನ ನಿಯಂತ್ರಣ ಕಾರ್ಯಕ್ರಮಗಳು ಮುಖ್ಯವಾಗಿ ಬೀದಿನಾಯಿಗಳನ್ನು ಉದ್ದೇಶಿಸಿದವು. ಆದ್ದರಿಂದ ಬೆಕ್ಕುಗಳ ವಿಷಯದಲ್ಲಿ ಖಾಸಗಿ ಚಿಕಿತ್ಸಾಲಯ ಅಥವಾ ಪ್ರಾಣಿದಯಾ ಸಂಸ್ಥೆಗಳನ್ನು ಅವಲಂಬಿಸಬೇಕಾಗುತ್ತದೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮತ್ತು ಗದಗದ ಪಶುವೈದ್ಯಕೀಯ ಮಹಾವಿದ್ಯಾಲಯಗಳಲ್ಲಿಯೂ ವಿಚಾರಿಸಬಹುದು. ಬೀದಿ ಬೆಕ್ಕು ಎಂದು ಮೊದಲೇ ತಿಳಿಸುವುದು ಒಳಿತು. ಮನುಷ್ಯರ ಸ್ಪರ್ಶಕ್ಕೆ ಒಗ್ಗದ ಬೆಕ್ಕಿಗೆ ಬೋನಿನಲ್ಲಿರುವಾಗಲೇ ಮಂಪರು ಚುಚ್ಚುಮದ್ದು ನೀಡುವ ಸಿದ್ಧತೆ ವೈದ್ಯರಲ್ಲಿರಬೇಕು.

ಹಿಡಿಯುವ ವಿಧಾನ ಹೀಗಿದೆ:

* ಒಂದು ವಾರ ಮೊದಲಿನಿಂದ ದಿನವೂ ಒಂದೇ ಹೊತ್ತಿಗೆ, ಒಂದೇ ಸ್ಥಳದಲ್ಲಿ ಆಹಾರ ಇಡಿ. ಬಾಗಿಲು ತೆರೆದು ಕಟ್ಟಿದ ಬೋನನ್ನು ಪಕ್ಕದಲ್ಲೇ ಇರಿಸಿ ಬೆಕ್ಕುಗಳಿಗೆ ಅಭ್ಯಾಸ ಮಾಡಿಸಿ.
* ಹಿಡಿಯುವ ಹಿಂದಿನ ದಿನ ಆಹಾರ ನಿಲ್ಲಿಸಿ, ನೀರು ಇರಲಿ. ಹಸಿದ ಬೆಕ್ಕು ಬೋನನ್ನು ಹೊಗುತ್ತದೆ, ಅರಿವಳಿಕೆಗೂ ಹೊಟ್ಟೆ ಖಾಲಿಯಿರಬೇಕು. ಮರಿಗಳನ್ನು ಮಾತ್ರ ದೀರ್ಘಕಾಲ ಉಪವಾಸ ಇರಿಸಬಾರದು. ಎಷ್ಟು ಗಂಟೆ ಎಂಬುದನ್ನು ವೈದ್ಯರಿಂದಲೇ ತಿಳಿಯಿರಿ.
* ಬೋನಿನ ಒಳತುದಿಯಲ್ಲಿ ವಾಸನೆಯುಳ್ಳ ಮೀನನ್ನಿಡಿ. ತುಳಿಹಲಗೆಯ ಮೇಲೆ ಕಾಲಿಟ್ಟೊಡನೆ ಬಾಗಿಲು ಬೀಳುವ ಬೋನು ಇದಕ್ಕೆ ಸೂಕ್ತ.
* ಬಾಗಿಲು ಬಿದ್ದ ಕೂಡಲೇ ದಪ್ಪ ಬಟ್ಟೆ ಹೊದಿಸಿ. ಕತ್ತಲಾದರೆ ಬೆಕ್ಕು ಶಾಂತವಾಗುತ್ತದೆ.
* ಬರಿಗೈಯಲ್ಲಿ ಹಿಡಿಯುವ, ಗೋಣಿಚೀಲ ಎಸೆಯುವ ಸಾಹಸ ಬೇಡ.

ಒಮ್ಮೆ ಬೋನಿನಿಂದ ತಪ್ಪಿಸಿಕೊಂಡ ಬೆಕ್ಕು ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದಂತೆ ಮತ್ತೆ ಬೋನಿನ ಬಳಿ ಸುಳಿಯುವುದಿಲ್ಲ. ಮೊದಲ ಪ್ರಯತ್ನಕ್ಕೇ ತಾಳ್ಮೆ ಬೇಕು ಎನ್ನುವುದು ಇದೇ ಕಾರಣಕ್ಕೆ.

ಚಿಕಿತ್ಸೆ ಮತ್ತು ಆರೈಕೆ

ಹೆಣ್ಣು ಬೆಕ್ಕಿನ ಅಂಡಾಶಯ ಹಾಗೂ ಸಾಮಾನ್ಯವಾಗಿ ಗರ್ಭಕೋಶವನ್ನು, ಗಂಡು ಬೆಕ್ಕಿನ ವೃಷಣಗಳನ್ನು ತೆಗೆಯಲಾಗುತ್ತದೆ. ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿಯನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ನೇರವಾಗಿ ಕತ್ತರಿಸುವುದುಂಟು. ಚಿಕಿತ್ಸೆ ಆಗಿರುವ ಬೆಕ್ಕನ್ನು ದೂರದಿಂದಲೇ ಗುರುತಿಸಿ, ಮತ್ತೊಮ್ಮೆ ಹಿಡಿಯುವುದನ್ನು ತಪ್ಪಿಸಲು ಈ ಗುರುತು. ಅದೇ ಸಮಯದಲ್ಲಿ ರೇಬೀಸ್ ಲಸಿಕೆ ಹಾಕಿಸುವುದು ಉತ್ತಮ. ಕರಗುವ ಹೊಲಿಗೆ ಹಾಕಲು ವೈದ್ಯರನ್ನು ಕೋರಬೇಕು. ಹೊಲಿಗೆ ಬಿಚ್ಚಿಸಲು ಬೀದಿ ಬೆಕ್ಕನ್ನು ಎರಡನೆಯ ಬಾರಿ ಹಿಡಿಯುವುದು ಕಷ್ಟಸಾಧ್ಯ.

ಗಂಡು ಬೆಕ್ಕನ್ನು ಸಾಮಾನ್ಯವಾಗಿ ಒಂದು ದಿನ, ಹೆಣ್ಣನ್ನು ಎರಡು ಮೂರು ದಿನ ಬೆಚ್ಚಗಿನ, ಸದ್ದಿಲ್ಲದ ಕೋಣೆಯಲ್ಲಿ ಬೋನಿನೊಳಗೇ ಇರಿಸಿ ಗಮನಿಸಲಾಗುತ್ತದೆ. ಗಾಯ ಬಾತಿದ್ದರೆ, ರಕ್ತ ಒಸರುತ್ತಿದ್ದರೆ, ಆಹಾರ ಮುಟ್ಟದಿದ್ದರೆ ವೈದ್ಯರಿಗೆ ತೋರಿಸದೆ ಬಿಡಬಾರದು. ಬಿಡುವುದು ಹಿಡಿದ ಸ್ಥಳದಲ್ಲೇ ಆಗಬೇಕು.

ಮೊಲೆ ತುಂಬಿರುವ ಬೆಕ್ಕು ಬೋನಿಗೆ ಬಿದ್ದರೆ ಎಲ್ಲಿಯೋ ಮರಿಗಳು ಕಾಯುತ್ತಿವೆ ಎಂದರ್ಥ. ‘ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ’ ಎಂಬ ಮಾತಿನಂತೆ ಅದು ಮರಿಗಳ ಜಾಗ ಬದಲಿಸುತ್ತಲೇ ಇರುತ್ತದೆಯಾದ್ದರಿಂದ ಅವುಗಳನ್ನು ಹುಡುಕುವುದು ಸುಲಭವಲ್ಲ. ಇಂತಹ ಬೆಕ್ಕನ್ನು ಬಿಟ್ಟುಕೊಟ್ಟು ಮರಿಗಳು ಮೊಲೆ ಬಿಟ್ಟ ನಂತರ ಹಿಡಿಯಬಹುದು; ಇಲ್ಲವೇ ವೈದ್ಯರ ಸಲಹೆಯಂತೆ ಚಿಕಿತ್ಸೆ ಮುಗಿಸಿ, ಪೂರ್ಣ ಎಚ್ಚರವಾದ ಬಳಿಕ ಬೇಗನೆ ಮರಿಗಳ ಬಳಿಗೆ ಸೇರಿಸಬೇಕು.

ಮರಿಗಳ ತಾತ್ಕಾಲಿಕ ಪಾಲನೆ

ಒಂಟಿ ಮರಿ ಕಂಡೊಡನೆ ಎತ್ತಿಕೊಂಡು ಬರುವುದು ಸಲ್ಲದು. ತಾಯಿ ಆಹಾರಕ್ಕಾಗಿ ಹೋಗಿರಬಹುದು. ಮರಿಗಳು ಬೆಚ್ಚಗೆ, ಹೊಟ್ಟೆ ತುಂಬಿದಂತೆ ಮಲಗಿದ್ದರೆ ಕೆಲವು ಗಂಟೆ ದೂರದಿಂದ ಕಾಯುವುದು ಲೇಸು. ತಣ್ಣಗಾಗಿ, ಬಿಡದೆ ಅರಚುತ್ತಿದ್ದರೆ ಮಾತ್ರ ಕೈಹಾಕಬೇಕು.

ತಣ್ಣಗಿರುವ ಮರಿಗೆ ಮೊದಲು ಬೇಕಾದದ್ದು ಶಾಖ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿರಿಸಿ ಮೈ ಬೆಚ್ಚಗಾದ ನಂತರವೇ ಹಾಲು ಕುಡಿಸಬೇಕು. ಹಸುವಿನ ಹಾಲು ಅನೇಕ ಮರಿಗಳಲ್ಲಿ ಭೇದಿ ಉಂಟುಮಾಡುತ್ತದೆ. ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನು ಮೊದಲ ವಾರದಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ, ನೀಡಬೇಕಾಗುತ್ತದೆ. ಮರಿಯನ್ನು ಶಿಶುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶ ಸೇರುವ ಅಪಾಯವಿದೆ. ಹೊಟ್ಟೆ ಕೆಳಗಾಗಿರುವಂತೆ ಹಿಡಿದೇ ಕುಡಿಸಬೇಕು. ಸುಮಾರು ಮೂರು ವಾರದವರೆಗೆ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ನೆಕ್ಕುವಂತೆ, ಪ್ರತಿ ಬಾರಿ ಹಾಲುಣಿಸಿದ ಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಮೃದುವಾಗಿ ಒರೆಸಬೇಕು.

ಹುಟ್ಟಿದಾಗ ಮರಿಯ ತೂಕ ಸುಮಾರು 100 ಗ್ರಾಂ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಟ್ಟರೆ ಅನಾರೋಗ್ಯದ ಮೊದಲ ಸುಳಿವು ಅಲ್ಲೇ ದೊರೆಯುತ್ತದೆ. ನಾಲ್ಕನೆಯ ವಾರದಿಂದ ಮೆತ್ತಗಿನ ಆಹಾರ ಅಭ್ಯಾಸ ಮಾಡಿಸಬಹುದು.

ಮರಿ ಮನುಷ್ಯರಿಗೆ ಒಗ್ಗುವ ಕಾಲ ಬಹಳ ಚಿಕ್ಕದು. ಎರಡರಿಂದ ಏಳನೆಯ ವಾರದೊಳಗೆ ದಿನವೂ ಕೈಯಲ್ಲಿ ಆಡಿದ ಮರಿ ಮನೆಯ ಬೆಕ್ಕಾಗುತ್ತದೆ. ಆ ಅವಧಿಯನ್ನು ಬೀದಿಯಲ್ಲೇ ಕಳೆದ ಮರಿ ಬಹುಮಟ್ಟಿಗೆ ಕಾಡುಸ್ವಭಾವದ್ದಾಗಿಯೇ ಉಳಿಯುತ್ತದೆ. ‘ಮುಂದಿನ ತಿಂಗಳು ನೋಡೋಣ’ ಎಂದು ಮುಂದೂಡಿದರೆ ಒಂದು ಮನೆ ಸೇರಬಹುದಾಗಿದ್ದ ಮರಿ ಬೀದಿಯ ಪಾಲಾಗುತ್ತದೆ.

ಆರರಿಂದ ಎಂಟನೆಯ ವಾರದಲ್ಲಿ ಲಸಿಕೆ ಆರಂಭಿಸಿ ವೈದ್ಯರು ಸೂಚಿಸಿದಂತೆ ಮುಂದುವರಿಸಬೇಕು. ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಾಣು ರೋಗ ಮರಿಗಳಿಗೆ ಮಾರಕ ಮತ್ತು ವೇಗವಾಗಿ ಹರಡುವಂಥದು. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಹೊಸ ಮರಿಯನ್ನು ಕನಿಷ್ಠ ಎರಡು ವಾರ ಪ್ರತ್ಯೇಕ ಕೋಣೆಯಲ್ಲಿಡಬೇಕು. ಒಂದು ಕಿಲೋ ತೂಕ ಮುಟ್ಟಿದ, ಆರೋಗ್ಯವಂತ ಮರಿಗೆ ಎಂಟು ವಾರಕ್ಕೇ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿದ್ದಾರೆ. ಏನೇ ಆದರೂ ಐದು ತಿಂಗಳು ಮೀರದಂತೆ ನೋಡಿಕೊಳ್ಳಬೇಕು. ದತ್ತು ನೀಡುವಾಗ ಈ ಷರತ್ತನ್ನು ಬರೆದುಕೊಳ್ಳುವುದು ಸೂಕ್ತ.

ಅಡುಗೆಮನೆಯ ಎಚ್ಚರಿಕೆಗಳು

ಬೆಕ್ಕು ಹುಟ್ಟಾ ಮಾಂಸಾಹಾರಿ. ಅದಕ್ಕೆ ಅನಿವಾರ್ಯವಾದ ಟೌರಿನ್ ಎಂಬ ಪೋಷಕಾಂಶ ಮಾಂಸ, ಮೀನುಗಳಿಂದಲೇ ದೊರೆಯಬೇಕು. ಬರೀ ಹಾಲು ಅನ್ನ, ಮೊಸರನ್ನದಲ್ಲಿ ಬೆಳೆದ ಬೆಕ್ಕಿಗೆ ಕಾಲಕ್ರಮೇಣ ದೃಷ್ಟಿದೋಷ, ಹೃದ್ರೋಗ ತಗುಲಬಹುದು. ಸಸ್ಯಾಹಾರಿ ಮನೆಗಳಲ್ಲಿ ಅಂಗಡಿಯ ಸಿದ್ಧ ಆಹಾರ ಬಳಸುವುದು ಅನುಕೂಲಕರ.

ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಲ್ಲದು. ನಾಯಿಗಳ ಉಣ್ಣೆ ನಿವಾರಣೆಗೆ ಬಳಸುವ ಪರ್ಮೆಥ್ರಿನ್ ಔಷಧಿಯೂ ಬೆಕ್ಕಿಗೆ ಅಪಾಯಕಾರಿ. ಮರಿಗಳಿರುವ ನೆಲವನ್ನು ಫಿನಾಯಿಲಿನಿಂದ ಒರೆಸಬಾರದು.

ಮನುಷ್ಯರ ಆರೋಗ್ಯ

ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಬೇಕು. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ. ಗರ್ಭಿಣಿಯರು ಬೆಕ್ಕಿನ ಮಲದ ತಟ್ಟೆ ಶುಚಿಗೊಳಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸುವುದು ಒಳಿತು. ಟಾಕ್ಸೊಪ್ಲಾಸ್ಮಾ ಪರೋಪಜೀವಿಯ ತತ್ತಿಗಳು ಸೋಂಕುಕಾರಕವಾಗಲು ಒಂದರಿಂದ ಐದು ದಿನ ಬೇಕಾಗುವುದರಿಂದ ತಟ್ಟೆಯನ್ನು ಪ್ರತಿದಿನ ಬದಲಿಸಿದರೆ ಅಪಾಯ ಬಹಳಷ್ಟು ತಗ್ಗುತ್ತದೆ.

ಕಾನೂನು ಏನು ಹೇಳುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅಪರಾಧ. ಗೋಣಿಚೀಲದ ರೂಢಿ ಇದರ ವ್ಯಾಪ್ತಿಗೆ ಬರುತ್ತದೆ. ವಿಷವಿಕ್ಕಿ ಕೊಲ್ಲುವುದು, ಅಂಗಹೀನಗೊಳಿಸುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಐದು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗಿಸಬಲ್ಲ ಅಪರಾಧ.

2001ರ ಸಂತಾನ ನಿಯಂತ್ರಣ ನಿಯಮಗಳ ಶೀರ್ಷಿಕೆಯಲ್ಲಿ ‘ನಾಯಿಗಳು’ ಎಂಬ ಪದವಿತ್ತು. ಅವುಗಳ ಸ್ಥಾನದಲ್ಲಿ 2023ರ ಮಾರ್ಚಿನಲ್ಲಿ ಬಂದ ಹೊಸ ನಿಯಮಗಳ ಶೀರ್ಷಿಕೆ ‘ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು’ ಎಂದಷ್ಟೇ ಇದೆ. ಸಮುದಾಯ ಪ್ರಾಣಿಗಳಿಗೆ ಆಹಾರ ನೀಡಲು ಮಕ್ಕಳ ಆಟದ ಜಾಗ, ಮೆಟ್ಟಿಲು ಹಾಗೂ ಪ್ರವೇಶದ್ವಾರಗಳಿಂದ ದೂರದಲ್ಲಿ ಸ್ಥಳ ಗೊತ್ತುಪಡಿಸುವ ಬಗ್ಗೆ ನಿವಾಸಿಗಳ ಸಂಘಗಳ ಹೊಣೆಯನ್ನೂ ಈ ನಿಯಮಗಳು ಹೇಳುತ್ತವೆ.

ಆಹಾರ ಹಾಕುವವರ ಹೊಣೆ

ನೆರೆಯವರ ದೂರುಗಳೆಲ್ಲ ನಿರಾಧಾರವಲ್ಲ. ರಾತ್ರಿಯ ಕಾದಾಟ, ಗಂಡು ಬೆಕ್ಕಿನ ಮೂತ್ರದ ದುರ್ವಾಸನೆ, ಹೂಕುಂಡಗಳಲ್ಲಿನ ಮಲ, ಹಕ್ಕಿ ಮತ್ತು ಅಳಿಲುಗಳ ಬೇಟೆ ಎಲ್ಲವೂ ನಿಜ. ಶಸ್ತ್ರಚಿಕಿತ್ಸೆಯ ನಂತರ ಕೂಗಾಟ, ಕಾದಾಟ, ಮೂತ್ರ ಸಿಂಪಡಿಸುವ ಅಭ್ಯಾಸ ಬಹುಮಟ್ಟಿಗೆ ತಗ್ಗುತ್ತವೆ. ಬೇಟೆಯ ಸ್ವಭಾವ ಉಳಿಯುತ್ತದೆ. ಆದ್ದರಿಂದ ನಿಗದಿತ ಹೊತ್ತಿನಲ್ಲಿ ಆಹಾರವಿಟ್ಟು, ಅರ್ಧ ಗಂಟೆಯಲ್ಲಿ ತಟ್ಟೆ ತೆಗೆದು ಜಾಗ ಶುಚಿಗೊಳಿಸುವುದು ಆಹಾರ ಹಾಕುವವರ ಕರ್ತವ್ಯ. ಪಟ್ಟಿಯಲ್ಲಿಲ್ಲದ, ಕಿವಿಯ ಗುರುತಿಲ್ಲದ ಹೊಸ ಬೆಕ್ಕು ಕಾಣಿಸಿಕೊಂಡಾಗ ಮೊದಲು ಗಮನಿಸುವವರೂ ಅವರೇ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆಯ ಪ್ರಶ್ನೆ ಪ್ರತಿ ಬಡಾವಣೆಯಲ್ಲೂ ಏಳುತ್ತದೆ. ಒಬ್ಬರು ಬೋನು ಒದಗಿಸಿ, ಇನ್ನೊಬ್ಬರು ವಾಹನ ನೀಡಿ, ಮತ್ತೊಬ್ಬರು ಎರಡು ದಿನ ಖಾಲಿ ಕೋಣೆ ಬಿಟ್ಟುಕೊಟ್ಟು, ಉಳಿದವರು ವೆಚ್ಚ ಹಂಚಿಕೊಂಡರೆ ಭಾರ ಒಬ್ಬರ ತಲೆಯ ಮೇಲೆ ಬೀಳದು. ಹತ್ತು ಬೆಕ್ಕುಗಳಿರುವ ಬೀದಿಯಲ್ಲಿ ಹತ್ತಕ್ಕೂ ಚಿಕಿತ್ಸೆಯಾದ ದಿನವೇ ಆ ಬೀದಿಯ ಕೆಲಸ ಮುಗಿದಂತೆ. ಒಂಬತ್ತಕ್ಕೆ ನಿಲ್ಲಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.