ಒಂದು ಸ್ಥಾನ, ಇಬ್ಬರು ಯೋಗ್ಯರು

ಅಮೆರಿಕೆಯ ಕಾಲೇಜು ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕನೇ ತಂಡದ ಸೂತ್ರಧಾರ. ಒಂದೇ ತಂಡ ಎರಡಾಗಿ ಆಡುವ ವಸಂತದ ಪಂದ್ಯಕ್ಕೆ ಮುನ್ನ, ಆ ಸ್ಥಾನ ಯಾರದೆಂದು ಅಭಿಮಾನಿಗಳು ವಾದಕ್ಕಿಳಿಯುವುದುಂಟು.

2018ರಲ್ಲಿ ಅಲಬಾಮಾದಲ್ಲಿ ಹೀಗಾಯಿತು. ಜೇಲನ್ ಹರ್ಟ್ಸ್ ಎರಡು ವರ್ಷ ತಂಡವನ್ನು ನಡೆಸಿ ಎರಡೇ ಪಂದ್ಯ ಸೋತಿದ್ದ. ಜನವರಿ 8ರಂದು ಅಟ್ಲಾಂಟಾದ ಅಂತಿಮ ಪಂದ್ಯದಲ್ಲಿ, ಜಾರ್ಜಿಯಾ 13–0 ಮುಂದಿದ್ದಾಗ, ಅವನನ್ನು ಕೂರಿಸಿ ಟುವಾ ಟಾಗೊವೈಲೋವಾನನ್ನು ಇಳಿಸಿದರು. ಟುವಾ 26–23ರಿಂದ ಗೆಲ್ಲಿಸಿದ. ಎರಡು ವರ್ಷದ ದುಡಿಮೆ ಹೆಚ್ಚೋ, ಒಂದು ರಾತ್ರಿಯ ಸಾಹಸವೋ? ಏಪ್ರಿಲ್ ಪಂದ್ಯದಲ್ಲಿ ಕೈಗೆ ಪೆಟ್ಟಾಗಿದ್ದ ಟುವಾ ಆಡಲಿಲ್ಲ, ವಾದ ಮುಗಿಯಲಿಲ್ಲ.

ಕಡೆಗೆ ಸ್ಥಾನ ಟುವಾನದಾಯಿತು. ಹರ್ಟ್ಸ್ ಆ ವರ್ಷ ತಂಡವನ್ನು ಬಿಡಲಿಲ್ಲ. ಡಿಸೆಂಬರ್ 1ರಂದು, ಅದೇ ಅಟ್ಲಾಂಟಾದಲ್ಲಿ, ಅದೇ ಜಾರ್ಜಿಯಾದೆದುರು ಟುವಾ ಗಾಯಗೊಂಡ. ಹರ್ಟ್ಸ್ ಇಳಿದು, ಹಿಂದೆ ಬಿದ್ದಿದ್ದ ತಂಡವನ್ನು 35–28ರಿಂದ ಗೆಲ್ಲಿಸಿದ. ವಸಂತದ ವಾದದಲ್ಲಿ ಸೋತವನೇ ಚಳಿಗಾಲದಲ್ಲಿ ತಂಡವನ್ನು ಕಾಯ್ದನೆಂಬುದು ನನ್ನ ಮನಸ್ಸಿನಲ್ಲಿ ನಿಂತಿದೆ.